ಎಡಗಡೆ ಸ್ಪೀಕರಿನ ಅಸಹಕಾರ

ನನಗೆ ಸಂಗೀತ ಗೊತ್ತಿಲ್ಲ. ಆದರೆ ಸದ್ದು ಗೊತ್ತು. ತುಮಕೂರಿನ ಸತ್ಯಮಂಗಲ ಕೈಗಾರಿಕಾ ಪ್ರದೇಶದಲ್ಲಿ ಪ್ಲಾಸ್ಟಿಕ್ ಮುಚ್ಚಳ ಮಾಡುವ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿ ತಲೆ ನರೆಸಿಕೊಂಡವನು ನಾನು. ಯಾವ ಮಿಶನ್ ಯಾವಾಗ ಕೈಕೊಡುತ್ತದೆ ಎಂಬುದನ್ನು ಬರೀ ಸದ್ದು ಕೇಳಿ ಹೇಳಬಲ್ಲೆ ಎಂಬ ಖ್ಯಾತಿ ನನಗಿತ್ತು. ಆ ಖ್ಯಾತಿಯನ್ನು ಹಬ್ಬಿಸಿದವನೂ ನಾನೇ ಆದ್ದರಿಂದ ಅದರಲ್ಲಿ ಅನುಮಾನಕ್ಕೆ ಎಡೆಯೇ ಇರಲಿಲ್ಲ.

ಇಂಥ ಮನುಷ್ಯ ಮೊಬೈಲಿನ ಸೂಜಿತೂತಿನಿಂದ ಹಾಡು ಕೇಳುವುದು ಅವನ ಘನತೆಗೆ ತಕ್ಕುದಲ್ಲ ಎಂದು ತೀರ್ಮಾನಿಸಿ, ದೀಪಾವಳಿ ಬೋನಸ್ಸಿನಲ್ಲಿ ಮನೆಗೊಂದು ಸ್ಪೀಕರ್ ಸೆಟ್ ತಂದೆ. ದೊಡ್ಡದೇನಲ್ಲ. ಎರಡು ಸ್ಪೀಕರು, ಒಂದು ಆಂಪ್ಲಿಫೈಯರ್, ಧಿಮ್ಮೆನ್ನಲು ಒಂದು ಬೇಸ್ ಡಬ್ಬಿ. ಅಂಗಡಿಯವನು ಅದಕ್ಕಿಂತ ದೊಡ್ಡವನ್ನೂ ತೋರಿಸಿದ್ದ. "ಬೇಡಪ್ಪ, ತುಮಕೂರಲ್ಲಿ ಮನೆ ಕಟ್ಟಿದೀನಿ, ಥಿಯೇಟರ್ ಕಟ್ಟಿಲ್ಲ" ಎಂದು ಹೇಳಿ, ಆ ಮಾತಿಗೆ ನಾನೇ ನಕ್ಕು, ಚಿಕ್ಕದನ್ನೇ ಎತ್ತಿಕೊಂಡು ಬಂದೆ.

"ಮಿಕ್ಸಿ ಜಾರು ಒಡ್ದೋಗಿದೆ ಅಂತ ಯುಗಾದಿಯಿಂದ ಬಡ್ಕೋತಿದೀನಿ" ಎಂದಳು ಹೆಂಡತಿ ಗಿರಿಜ.

"ಇದರಲ್ಲಿ ಹಾಡು ಕೇಳ್ತಾ ಚಟ್ನಿ ರುಬ್ಬಿದ್ರೆ ರುಬ್ಬಿದ್ದೇ ಗೊತ್ತಾಗಲ್ಲ ಕಣೇ."

"ಒರಳಲ್ಲಿ ರುಬ್ಬೋರಿಗೆ ಗೊತ್ತಾಗತ್ತೆ!"

ಆದರೂ ಸಂಜೆ ಟೀವಿಯ ಆಚೆಗೊಂದು ಈಚೆಗೊಂದು ಸ್ಪೀಕರ್ ಇಟ್ಟು ಹಳೆಯ ಹಾಡೊಂದನ್ನು ಹಾಕಿದಾಗ ಗಿರಿಜ ಅಡುಗೆಮನೆಯಿಂದ ಈರುಳ್ಳಿ ಹಿಡಿದುಕೊಂಡೇ ಬಂದು ನಿಂತಳು. ಹಾಡು ಮುಗಿಯುವವರೆಗೂ ಹೋಗಲಿಲ್ಲ. "ಪರವಾಗಿಲ್ಲ" ಎಂದಳು. ಗಿರಿಜಳ ಬಾಯಲ್ಲಿ 'ಪರವಾಗಿಲ್ಲ' ಎಂದರೆ ಬೇರೆಯವರ ಬಾಯಲ್ಲಿ ಪದ್ಮಶ್ರೀ! ಆಮೇಲೆ ದಿನವೂ ಸಂಜೆ ಕಾಫಿಯ ಹೊತ್ತಿಗೆ ನಾವಿಬ್ಬರೂ ಸೋಫಾದಲ್ಲಿ ಕೂತು ಹಾಡು ಕೇಳುವುದು ರೂಢಿಯಾಯಿತು. ಸಂಸಾರ ಇಷ್ಟು ಸೊಗಸಾಗಿ ನಡೆಯುತ್ತಿದ್ದರೆ ಯಾರಿಗಾದರೂ ಅನುಮಾನ ಬರಬೇಕಿತ್ತು. ನನಗೆ ಬರಲಿಲ್ಲ.

ಚಳಿಗಾಲ ಕಳೆಯುವ ಹೊತ್ತಿಗೆ ಒಂದು ಸಂಜೆ ಹಾಡು ಹಾಕಿದೆ. ಏನೋ ಸರಿಯಿಲ್ಲ. ಗಾಯಕಿ ಟೀವಿಯ ಮುಂದೆ ನಡುವೆ ನಿಂತು ಹಾಡುವುದು ಬಿಟ್ಟು ಬಲಗಡೆ ಮೂಲೆಗೆ ಹೋಗಿ ನಿಂತಂತಿತ್ತು.

"ಗಿರಿಜಾ, ಎಡಗಡೆ ಸ್ಪೀಕರ್ ಮಲಗ್ಬಿಟ್ಟಿದೆ."

"ಬರ್ತಿದೆಯಲ್ರೀ."

"ಬರೋದು ಬೇರೆ, ಸರಿಯಾಗಿ ಬರೋದು ಬೇರೆ. ನಿನಗೆ ಗೊತ್ತಾಗಲ್ಲ ಬಿಡು. ಅದಕ್ಕೆ ಅಭ್ಯಾಸ ಬೇಕು."

ಮಾರನೆಯ ದಿನ ಕಾರ್ಖಾನೆಯಲ್ಲಿ ರೇಣುಕಪ್ಪನ ಸಲಹೆ ಕೇಳಿದೆ. ರೇಣುಕಪ್ಪ ನಮ್ಮ ಸ್ಟೋರ್ಸಿನ ಮುಖ್ಯಸ್ಥ. ಮನೆಯಲ್ಲಿ ಒಂದು ಕೋಣೆಯನ್ನೇ ಸ್ಪೀಕರುಗಳಿಗೆ ಬಿಟ್ಟುಕೊಟ್ಟು ತಾನು ಹಜಾರದಲ್ಲಿ ಮಲಗುವ ಮಹಾನುಭಾವ. ನನ್ನ ಸೆಟ್ಟಿನ ಹೆಸರು ಕೇಳಿದ ತಕ್ಷಣ, ಮನೆಯಲ್ಲಿ ಸಾವಾಗಿದೆಯೆಂದು ಕೇಳಿದವರಂತೆ ನನ್ನ ಭುಜದ ಮೇಲೆ ಕೈಯಿಟ್ಟ.

"ವೈರು ಸಾರ್, ವೈರು. ಕಂಪನಿಯವ್ರು ಕೊಡೋದು ಹೊಲಿಯೋ ದಾರ. ದಪ್ಪ ವೈರ್ ಹಾಕಿ."

ಹಾಕಿದೆ. ಎತ್ತಿನ ಹಗ್ಗದಷ್ಟು ದಪ್ಪದ ವೈರು. ಅದು ಸ್ಪೀಕರಿನ ಹಿಂಬದಿಯ ತೂತಿಗೆ ಹೋಗಲಿಲ್ಲ. ತೂತನ್ನು ದೊಡ್ಡದು ಮಾಡಿದೆ. ಎಡಗಡೆ ಹಾಗೇ ಮಲಗಿತ್ತು.

ಸ್ಪೀಕರನ್ನು ಟವೆಲಿನಲ್ಲಿ ಸುತ್ತಿ, ಕೂಸಿನಂತೆ ಎದೆಗವಚಿಕೊಂಡು ಅಂಗಡಿಗೆ ಹೋದೆ. ಅಂಗಡಿಯವನು ಹಚ್ಚಿ ನೋಡಿ, "ಚೆನ್ನಾಗೇ ಇದೆಯಲ್ಲ ಸಾರ್" ಎಂದ. ಮುಚ್ಚಳದ ಮಿಶನ್ನುಗಳ ನಡುವೆ ನಾನು ಸವೆಸಿದ ಆಯುಷ್ಯದ ಬಗ್ಗೆ ಅವನಿಗೆ ತಿಳಿಯಹೇಳಿದೆ. ಕಿರುಪರಿಚಯ ಎಂದು ಶುರುಮಾಡಿದ್ದು ಕೊಂಚ ಉದ್ದವಾಯಿತು. ಹಿಂದೆ ನಿಂತಿದ್ದ ಗಿರಾಕಿಗಳು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡುವುದನ್ನು ನೋಡಿದ ಅವನು ಕೈಮುಗಿದು ಹೊಸ ಸ್ಪೀಕರನ್ನೇ ಕೊಟ್ಟುಬಿಟ್ಟ.

ಮನೆಗೆ ತಂದು ಹಚ್ಚಿದೆ. ಹೊಸದೂ ಮಲಗಿತ್ತು!

ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಇಟ್ಟೆ. ಯಾವುದನ್ನಿಟ್ಟರೂ ಎಡಗಡೆಗೆ ಬಂದದ್ದು ಮಲಗುತ್ತಿತ್ತು. ಅಂದರೆ ದೋಷ ಸ್ಪೀಕರಿನದಲ್ಲ, ಜಾಗದ್ದು! ನನ್ನ ತರ್ಕಶಕ್ತಿಗೆ ನಾನೇ ಬೆರಗಾದೆ. ರೇಣುಕಪ್ಪನೂ ಬೆರಗಾದ.

"ಸಾರ್, ಎಡಗಡೆ ಏನಿದೆ?"

"ಕಿಟಕಿ."

"ಮತ್ತೆ? ಸೌಂಡೆಲ್ಲ ಕಿಟಕಿಯಿಂದ ಆಚೆ ಹೋಗ್ತಿದೆ!"

ಅಂದರೆ ನನ್ನ ಬೋನಸ್ಸಿನಲ್ಲಿ ಪಕ್ಕದ ಮನೆಯವರು ಹಾಡು ಕೇಳುತ್ತಿದ್ದಾರೆ! ಮನೆಗೆ ಬಂದವನೇ ಕಿಟಕಿ ಮುಚ್ಚಿದೆ. ಸಾಲದೆಂದು ಕಂಬಳಿ ಹೊಡೆದೆ. ಕಂಬಳಿಯೂ ಸಾಲದೆಂದು ರೇಣುಕಪ್ಪನ ಆದೇಶದಂತೆ ಗೋಡೆಯ ತುಂಬ ಮೊಟ್ಟೆಯ ಟ್ರೇಗಳನ್ನು ಅಂಟಿಸಿದೆ. ಸಕ್ಕರೆ ಕೇಳಲು ಬಂದ ಎದುರುಮನೆಯಾಕೆ ಹಜಾರವನ್ನು ಒಂದು ಸುತ್ತು ನೋಡಿ, "ಕೋಳಿ ಸಾಕ್ತಿದೀರಾ?" ಎಂದು ಕೇಳಿದಳು. "ಇಲ್ಲ, ಇವ್ರನ್ನ ಸಾಕ್ತಿದೀನಿ" ಎಂದಳು ಗಿರಿಜ.

ಟ್ರೇ ಸೋತಮೇಲೆ ತೆಂಗಿನ ನಾರಿನ ಸರದಿ ಬಂತು. ಸದ್ದನ್ನು ಹತೋಟಿಗೆ ತರುವುದರಲ್ಲಿ ನಾರನ್ನು ಮೀರಿಸಿದ್ದು ಇಲ್ಲವೆಂದು ರೇಣುಕಪ್ಪ ಹೇಳಿದ. ಅಮೃತೂರಿನ ಹತ್ತಿರ ತೆಂಗಿನ ತೋಟ ಇಟ್ಟುಕೊಂಡಿರುವ ಮಾವನಿಗೆ ನಾನು ಫೋನ್ ಮಾಡಿದೆ. ಮಾವ ಕಿವಿಗೆ ಮಿಶಿನ್ ಹಾಕಿಕೊಳ್ಳುವವರು. ಅದನ್ನು ಫೋನಿನಲ್ಲಿ ಮಾತಾಡುವಾಗ ಮಾತ್ರ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾರೆ. ಹಾಗಾಗಿ ನಾನು ಒಂದು ಚೀಲ ಎಂದದ್ದು ಅವರಿಗೆ ಹೇಗೆ ಕೇಳಿಸಿತೋ, ಪ್ರೈವೇಟ್ ಬಸ್ಸಿನ ಟಾಪಿನ ತುಂಬ ನಾರಿನ ಮೂಟೆ ಹೇರಿಕೊಂಡು ತಾವೇ ಬಂದಿಳಿದರು.

"ಆಸಿಗೆ ತುಂಬಕ್ಕಾ ಅಳಿಯಂದ್ರೇ?"

"ಅಲ್ಲ ಮಾವ, ಹಾಡು ಕೇಳಕ್ಕೆ!" ಎಂದು ಕಿರುಚಿದೆ.

ಮಾವ ಮಿಶಿನ್ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಇನ್ನೊಂದ್ ಕಿತ ಯೋಳಿ" ಎಂದರು.

ನಾರನ್ನು ಗೋಣಿಗೆ ಹೊಲಿದು ಎಡಗೋಡೆಯುದ್ದಕ್ಕೂ ನಿಲ್ಲಿಸಿದೆವು. ನಾರಿನ ಜೊತೆ ಅಮೃತೂರಿನ ಕೆಂಪಿರುವೆಗಳೂ ಬಂದಿದ್ದವು. ಅವು ತುಮಕೂರನ್ನು ನೋಡಲು ಹಜಾರದಿಂದ ಅಡುಗೆಮನೆಗೆ, ಅಲ್ಲಿಂದ ಹಾಸಿಗೆಗೆ ಪ್ರವಾಸ ಕೈಗೊಂಡವು. ಗಿರಿಜಳಿಗೆ ಸೀನು ಹತ್ತಿಕೊಂಡಿತು. ಸೋಫಾ ವರಾಂಡಕ್ಕೆ ಹೋಯಿತು. ನಾವಿಬ್ಬರೂ ಒಟ್ಟಿಗೆ ಕೂತು ಕಾಫಿ ಕುಡಿಯುವುದು ನಿಂತೇಹೋಯಿತು. ಒಂದು ಹಾಡನ್ನೂ ನಾನು ಪೂರ್ತಿ ಕೇಳುತ್ತಿರಲಿಲ್ಲ. ಪಲ್ಲವಿ ಬರುವಷ್ಟರಲ್ಲಿ ಎದ್ದುಹೋಗಿ ಏನನ್ನಾದರೂ ಅಲುಗಿಸುತ್ತಿದ್ದೆ.

ಕೊನೆಗೆ ಒಂದು ಭಾನುವಾರ ಮಹಾಪ್ರಯೋಗವೊಂದನ್ನು ಮಾಡಿದೆ. ಸ್ಪೀಕರುಗಳಿಗೆ ಬೆನ್ನು ತಿರುಗಿಸಿ ಕೂತೆ. ಆಶ್ಚರ್ಯ! ಕಿಟಕಿ ಕಡೆಯ ಸ್ಪೀಕರು ಎದ್ದು ಕೂತಿತು. ಇಷ್ಟು ದಿನ ಚೆನ್ನಾಗಿದ್ದ ಇನ್ನೊಂದು ಮಲಗಿತು!

"ನೋಡ್ದ್ಯಾ? ದೋಷ ಜಾಗ ಬದಲಾಯಿಸ್ತಿದೆ!" ಎಂದು ಕೂಗಿದೆ.

ಗಿರಿಜ ಸೀನಿನ ನಡುವೆ ಬಿಡುವು ಮಾಡಿಕೊಂಡು ನನ್ನನ್ನೇ ನೋಡಿದಳು. "ನೀವು ತಿರುಗಿದ್ ಕಡೆಗೇ ಅದೂ ತಿರುಗ್ತಿದೆ ಅಂದ್ರೆ, ದೋಷ ಎಲ್ಲಿದೆ ಸ್ವಲ್ಪ ಯೋಚ್ನೆ ಮಾಡಿ."

"ಅದನ್ನೇ ಯೋಚಿಸ್ತಿದೀನಿ ಕಣೇ. ನೆಲದಲ್ಲಿ ಏನೋ ಇರಬೇಕು."

ಅವಳು ಹಣೆ ಚಚ್ಚಿಕೊಂಡಳು.

ಆಂಪ್ಲಿಫೈಯರಿನ ಹಿಂದೆ, ಎರಡು ಸ್ಪೀಕರುಗಳಿಗೆ ಸದ್ದು ಹಂಚುವ ಬ್ಯಾಲೆನ್ಸ್ ಎಂಬ ಗುಂಡಿಯೊಂದು ಆಗ ಕಣ್ಣಿಗೆ ಬಿತ್ತು. ಅದನ್ನು ಎಡಕ್ಕೆ ತಿರುಗಿಸುತ್ತ ಹೋದೆ. ಇನ್ನು ತಿರುಗುವುದೇ ಇಲ್ಲ ಎನ್ನುವಲ್ಲಿಗೆ ಬಂದಾಗ ಗಾಯಕಿ ಮೂಲೆ ಬಿಟ್ಟು ನಡುವೆ ಬಂದು ನಿಂತಳು. ಆಹಾ! ಸಾಧಿಸಿದೆ!

"ಈಗ ಬರೀ ಎಡಗಡೆಯಿಂದ ಬರ್ತಿದೆ ಕಣ್ರೀ."

"ನಿನಗೆ ಅಭ್ಯಾಸ ಇಲ್ಲ."

ಕತೆ ಇಲ್ಲಿಗೆ ಮುಗಿದಿದ್ದರೆ ಮಾನ ಮನೆಯೊಳಗೇ ಹೋಗಿರುತ್ತಿತ್ತು. ಆದರೆ ಹೊಸದಾಗಿ ಮದುವೆಯಾಗಿದ್ದ ಗಿರಿಜಳ ತಮ್ಮ ಮಂಜು ಗುಬ್ಬಿಯಲ್ಲಿ ಮನೆ ಕಟ್ಟಿಸಿದ್ದ. ಗೃಹಪ್ರವೇಶಕ್ಕೆ ಮೈಕಿನವನನ್ನು ಗೊತ್ತುಮಾಡಿದ್ದೇನೆ ಎಂದು ಅವನು ಫೋನಿನಲ್ಲಿ ಹೇಳಿದ.

"ನಾನಿರುವಾಗ ಬಾಡಿಗೆಯವನು ಯಾಕೋ? ಬೇಡ ಅಂದ್ಬಿಡು. ನನ್ ಸೆಟ್ ತರ್ತೀನಿ."

"ಬೀಗರು ಕುಣಿಗಲ್ ಕಡೆಯಿಂದ ಒಂದು ಬಸ್ ಜನ ಬರ್ತಾವ್ರೆ ಭಾವ. ಏನೂ ಎಡವಟ್ಟಾಗಬಾರ್ದು."

"ನನ್ ಮೇಲೆ ಬಿಡು" ಎಂದೆ. ಲೋಕದ ಅನಾಹುತಗಳೆಲ್ಲ ಈ ಮೂರು ಪದದಿಂದಲೇ ಶುರುವಾಗುತ್ತವೆ.

ಗುಬ್ಬಿಯಲ್ಲಿ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಶಾಸ್ತ್ರೋಕ್ತವಾಗಿ ಜೋಡಿಸಿದೆ. ಆಂಪ್ಲಿಫೈಯರು, ಬೇಸ್ ಡಬ್ಬಿ ಒಳಗೆ ಹಜಾರದಲ್ಲಿ. ಎಡಗಡೆ ಸ್ಪೀಕರು ಮುಂಬಾಗಿಲ ಪಕ್ಕ ಸ್ಟೂಲಿನ ಮೇಲೆ. ಬಲಗಡೆಯದು ಶಾಮಿಯಾನದಲ್ಲಿ, ಬೀಗರ ಕುರ್ಚಿಗಳ ಹತ್ತಿರ. ವೈರು ಕಾಲಿಗೆ ಸಿಗಬಾರದೆಂದು ಬಾಗಿಲ ಮೇಲಿನ ಮಾವಿನ ತೋರಣದ ಜೊತೆಗೇ ಸುತ್ತಿಕಟ್ಟಿದೆ. ಅಂಗಳದ ನಡುವೆ ನಿಂತು ಆಲಿಸಿದೆ. ಎರಡೂ ಕಡೆ ಸಮಸಮ. ಬ್ಯಾಲೆನ್ಸ್ ಗುಂಡಿ ಪೂರ್ತಿ ಎಡಕ್ಕಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಬೀಗರು ಬಂದು ಕೂತರು. ಮಂಜು ಓಡಿಬಂದ. "ಭಾವ, ಅವ್ರ ಕಡೆ ಏನೂ ಕೇಳಿಸ್ತಿಲ್ವಂತೆ. ಜಾಸ್ತಿ ಮಾಡಿ."

ಜಾಸ್ತಿ ಮಾಡಿದೆ.

"ಇನ್ನೂ ಕೇಳಿಸ್ತಿಲ್ವಂತೆ!"

ಇನ್ನೂ ಜಾಸ್ತಿ ಮಾಡಿದೆ. ಬಾಗಿಲ ಹತ್ತಿರ ನಿಂತಿದ್ದ ಹೆಂಗಸರೆಲ್ಲ ಸೆರಗಿನಿಂದ ಕಿವಿ ಮುಚ್ಚಿಕೊಂಡು ಹಿಂದಕ್ಕೆ ಸರಿದರು. ಭಕ್ತಿಯಿಂದ ಸೆರಗು ಹೊದ್ದುಕೊಳ್ಳುತ್ತಿದ್ದಾರೆ ಎಂದುಕೊಂಡೆ. ಅಷ್ಟರಲ್ಲಿ ಹಾಡು ಮುಗಿದು ಸದ್ದು ನಿಂತಿತು. ಪುರೋಹಿತರು, "ಮುಹೂರ್ತ ಬಂತು, ಹಸು ಕರ್ಕೊಂಡ್ ಬನ್ನಿ" ಎಂದರು. ಅರಿಶಿನ ಕುಂಕುಮ ಹಚ್ಚಿಸಿಕೊಂಡ, ಕೊಂಬಿಗೆ ಹೂ ಸುತ್ತಿಸಿಕೊಂಡ ಹಸು ಗಂಭೀರವಾಗಿ ನಡೆದು ಬಂತು. ಹಿಂದೆ ಪುಟ್ಟ ಕರು. ಹಸು ಹೊಸ್ತಿಲ ಮುಂದೆ ನಿಂತಿತು. ಮುಂಗಾಲೆತ್ತಿ ಹೊಸ್ತಿಲ ಒಳಗಿಟ್ಟಿತು. ಬೀಗಿತ್ತಿ ಕಣ್ಮುಚ್ಚಿ ಕೈಮುಗಿದರು.

ಸರಿಯಾಗಿ ಆಗ ಮುಂದಿನ ಹಾಡು ಶುರುವಾಯಿತು. ಅದು ನಾದಸ್ವರ, ಡೋಲು!

ಹಸುವಿನ ಕಿವಿಗೂ ಸ್ಪೀಕರಿಗೂ ನಡುವೆ ಒಂದು ಗೇಣು ಜಾಗವಿತ್ತು. ಡೋಲಿನ ಪೆಟ್ಟು ಬಿದ್ದ ರಭಸಕ್ಕೆ ಹಸು ನಿಂತಲ್ಲೇ ನೆಗೆಯಿತು. ಕೊಂಬು ತೋರಣಕ್ಕೆ ಸಿಕ್ಕಿತು. ತಿರುಗಿ ಓಡಿತು. ಹಸುವಿನ ಹಿಂದೆ ತೋರಣ ಹೋಯಿತು. ತೋರಣದ ಹಿಂದೆ ಎತ್ತಿನ ಹಗ್ಗದಂಥ ನನ್ನ ವೈರು ಹೋಯಿತು. ವೈರಿನ ಹಿಂದೆ ಸ್ಪೀಕರು ಸ್ಟೂಲಿನಿಂದ ಹಾರಿ, ರಂಗೋಲಿಯ ಮೇಲೆ ಒಂದು ಲಾಗ ಹಾಕಿ, ಗುಬ್ಬಿಯ ಕಾಂಕ್ರೀಟ್ ರಸ್ತೆಯಲ್ಲಿ ಕುಪ್ಪಳಿಸುತ್ತ ಹೋಯಿತು. ಇಷ್ಟು ತಿಂಗಳಲ್ಲಿ ಮೊದಲ ಬಾರಿಗೆ ಎಡಗಡೆ ಸ್ಪೀಕರು ನಿಜವಾಗಿಯೂ ಸದ್ದು ನಿಲ್ಲಿಸಿತ್ತು!

"ಅಪಶಕುನ!" ಎಂದರು ಬೀಗಿತ್ತಿ.

"ಭಾವಾ!" ಎಂದ ಮಂಜು. ಆ ಒಂದೇ ಪದದಲ್ಲಿ ಅವನು ಏನೇನು ತುಂಬಿದ್ದನೋ, ಬರೆಯಲು ಯೋಗ್ಯವಲ್ಲ. ಅವನ ಮುಖ ಬಿಳಚಿಕೊಂಡಿತ್ತು. ಹೊಸ ಮನೆ, ಹೊಸ ಬೀಗರು, ಹೊಸ್ತಿಲಲ್ಲೇ ತಿರುಗಿ ಓಡಿದ ಹಸು. ಅವನ ಹೆಂಡತಿ ಆಗಲೇ ಕಣ್ಣೊರೆಸಿಕೊಳ್ಳುತ್ತಿದ್ದಳು. ಅದನ್ನು ನೋಡಿ ನನ್ನ ತಪ್ಪನ್ನು ನಾನೇ ಸರಿಪಡಿಸುತ್ತೇನೆಂದು ಪಂಚೆ ಎತ್ತಿಕಟ್ಟಿ ಓಡಿದೆ. ಹಸು ಖಾಲಿ ಸೈಟೊಂದರಲ್ಲಿ ಮೇಯುತ್ತ ನಿಂತಿತ್ತು. ನನ್ನನ್ನು ಕಂಡದ್ದೇ, ಸ್ಪೀಕರಿನ ಯಜಮಾನನೆಂದು ಅದಕ್ಕೆ ಯಾರು ಹೇಳಿದರೋ, ಪಕ್ಕದ ಸೈಟಿಗೆ ಓಡಿತು. ನಾನು ಅಲ್ಲಿಗೆ ಹೋದೆ. ಅದು ಅದರಾಚೆಗೆ ಹೋಯಿತು. ಪುರೋಹಿತರು ಗಡಿಯಾರ ನೋಡುತ್ತ, "ಇನ್ ಸ್ವಲ್ಪ ಹೊತ್ತೇ ಇರೋದು" ಎಂದು ಕೂಗುತ್ತಿದ್ದರು.

ಆಗ ಮಾವ ನಿಧಾನವಾಗಿ ಬಂದರು. "ಅಳಿಯಂದ್ರೇ, ನೀವು ಅತ್ಲಾಗ್ ಓಗಿ. ಅದ್ರ ಕಣ್ಣಿಗೆ ಬೀಳ್ಬ್ಯಾಡಿ" ಎಂದರು. ನಾನು ಕಾಂಪೌಂಡಿನ ಹಿಂದೆ ಅವಿತೆ. "ಕರಿನ ಒಳಕ್ ಕರ್ಕೊಂಡೋಗ್ಲಾ ಮಂಜ. ತಾಯಿ ತಾನಾಗೇ ಬತ್ತಾಳೆ, ಬುಡು." ಮಂಜು ಕರುವನ್ನು ಒಳಗೆ ನಡೆಸಿದ. ಒಳಗಿನಿಂದ ಅದು ಒಮ್ಮೆ "ಅಂಬಾ" ಎಂದಿತು. ಅದಕ್ಕೆ ಓಗೊಟ್ಟು ಅಂಗಳಕ್ಕೆ ಬಂದ ಹಸುವಿನ ಕೊಂಬಿನ ವೈರನ್ನು ಮಾವ ಬಿಡಿಸಿ, ಬಾಯಿಗೊಂದು ಬೆಲ್ಲದ ಅಚ್ಚು ಕೊಟ್ಟರು. ಹಸು ನೇರವಾಗಿ ನಡೆದು ಹೊಸ್ತಿಲು ದಾಟಿತು. ಹಜಾರದ ನಡುವೆ ನಿಂತಿತು. ನನ್ನ ಬೇಸ್ ಡಬ್ಬಿಯನ್ನು ಮೂಸಿ ನೋಡಿ, ಅದರ ಬಗ್ಗೆ ತನ್ನ ಅಭಿಪ್ರಾಯವನ್ನು ಬಾಲ ಎತ್ತಿ ಪಕ್ಕದಲ್ಲೇ ಹಾಕಿತು.

"ಸಗಣಿ ಹಾಕ್ತು! ಶುಭ, ಶುಭ!" ಎಂದರು ಬೀಗಿತ್ತಿ. ಮಂಜುವಿನ ಹೆಂಡತಿ ಅಳುತ್ತಲೇ ನಕ್ಕಳು. ಪುರೋಹಿತರು ಉಸಿರು ಬಿಟ್ಟರು. ನಾನೂ ಕಾಂಪೌಂಡಿನ ಹಿಂದಿನಿಂದ ಈಚೆ ಬಂದೆ.

ಊಟಕ್ಕೆ ಮೊದಲು ವಿಚಾರಣೆ ಶುರುವಾಯಿತು.

"ಬಾಗಿಲ ಹತ್ರ ಕಿವಿ ತೂತಾಗೋ ಹಂಗೆ, ಇತ್ಲಾಗೆ ನಿಶ್ಶಬ್ದ. ನಿಮಗೆ ಗೊತ್ತಾಗ್ಲಿಲ್ವಾ ಭಾವ?"

"ಎರಡೂ ಕಡೆ ಒಂದೇ ಸಮ ಇತ್ತು!" ಎಂದೆ. ಆಣೆ ಮಾಡಿ ಹೇಳಿದೆ.

ಮಾವ ನನ್ನನ್ನು ದಿಟ್ಟಿಸಿ ನೋಡಿದರು. ಎದ್ದು ನನ್ನ ಎಡಗಡೆಗೆ ಬಂದು ನಿಂತರು. ಸ್ವಲ್ಪ ಹೊತ್ತಾದ ಮೇಲೆ ಸುತ್ತ ಇದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಬೀಗಿತ್ತಿಯಂತೂ ಕಂಬ ಹಿಡಿದುಕೊಂಡರು.

"ಏನಾಯ್ತು?" ಎಂದೆ.

"ಅಪ್ಪ ನಿಮ್ ಎಡಗಿವಿಗೆ ಬಾಯಿಟ್ಟು, ಒಬ್ಬಟ್ಟು ಬೇಕಾ, ಒಬ್ಬಟ್ಟು ಬೇಕಾ ಅಂತ ಕೇಳ್ತಾನೇ ಇದಾರೆ ಕಣ್ರೀ" ಎಂದಳು ಗಿರಿಜ, ಬಲಗಡೆಯಿಂದ.

ಮಾವ ತಮ್ಮ ಮಿಶಿನ್ ತೆಗೆದು ಪಂಚೆಯಲ್ಲಿ ಒರೆಸಿ ನನ್ನ ಮುಂದೆ ಹಿಡಿದರು. "ನಾಚ್ಕೋಬ್ಯಾಡಿ ಅಳಿಯಂದ್ರೇ. ಇವತ್ತೊಂದಿನ ಇಕ್ಕೊಳ್ಳಿ. ನನಗಿಂತ ನಿಮಗೇ ಬೇಕಾಗೈತೆ."

ತುಮಕೂರಿಗೆ ಮರಳಿದ ಮೇಲೆ ಗಿರಿಜ ನನ್ನನ್ನು ಕಿವಿ ಡಾಕ್ಟರ ಬಳಿಗೆ ಅಕ್ಷರಶಃ ಕಿವಿ ಹಿಡಿದೇ ಕರೆದೊಯ್ದಳು. ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಹಣೆಗೆ ದೀಪ ಕಟ್ಟಿಕೊಂಡು ನನ್ನ ಎಡಗಿವಿಯೊಳಗೆ ಇಣುಕಿ, "ಅಬ್ಬ!" ಎಂದರು. ಡಾಕ್ಟರ ಬಾಯಿಂದ ಬರಬಾರದ ಮಾತು ಅದು.

"ಎಷ್ಟು ದಿನದಿಂದ ಕೇಳಿಸ್ತಿಲ್ಲ?"

ನಾನು ಬಾಯಿ ತೆರೆಯುವ ಮೊದಲೇ ಗಿರಿಜ, "ಮದುವೆ ಆದಾಗಿಂದ ಡಾಕ್ಟ್ರೇ" ಎಂದಳು.

ಡಾಕ್ಟರು ಚಿಮಟದಿಂದ ಎಳೆದರು. ಮೊದಲು ಗುಗ್ಗೆ ಬಂತು. ಅದರ ಹಿಂದೆ, ಗುಗ್ಗೆಯಲ್ಲಿ ನೆನೆದು ಗಟ್ಟಿಯಾದ ಒಂದು ಹತ್ತಿಯ ಉಂಡೆ ಬಂತು. ತಟ್ಟೆಯಲ್ಲಿಟ್ಟು ತೋರಿಸಿದರು. ನನ್ನ ಎಡಗಡೆ ಸ್ಪೀಕರಿನ ದೋಷ ಕಡಲೆಕಾಳಿನಷ್ಟಿತ್ತು!

ಚಳಿಗಾಲದಲ್ಲಿ ನನಗೆ ಶೀತವಾಗಿ ಕಿವಿ ಕಟ್ಟಿದಾಗ ಎರಡಕ್ಕೂ ಬೆಳ್ಳುಳ್ಳಿ ಎಣ್ಣೆ ಬಿಟ್ಟು ಹತ್ತಿ ಇಟ್ಟವಳು ಗಿರಿಜ. ಇದು ಹೊಳೆದ ಕೂಡಲೇ ನಾನು ವಿಜಯೋತ್ಸಾಹದಿಂದ ಅವಳ ಕಡೆ ತಿರುಗಿದೆ. "ಇಟ್ಟವಳು ನೀನೇ!"

"ಬೆಳಿಗ್ಗೆ ತೆಗೀರಿ ಅಂದೆ. ತೆಗೆದೆ ಅಂದ್ರಿ."

"ತೆಗೆದೆ. ಬಲಗಡೇದು."

ಡಾಕ್ಟರು ಬಾಗಿಲ ಕಡೆ ತಿರುಗಿ ಕೆಮ್ಮಿದರು. ಅದು ಕೆಮ್ಮಲ್ಲ ಎಂದು ಈಗ ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಹೊರಗೆ ಬಂದರೆ ಲೋಕವೆಲ್ಲ ನನ್ನ ಎಡಗಡೆಯೇ ಇದೆ! ಆಟೋದ ಹಾರ್ನು, ಚಪ್ಪಲಿಯ ಸದ್ದು, ಗಿರಿಜಳ ಬಳೆ. ಇಷ್ಟು ದಿನ ಇದು ನನಗೇ ಗೊತ್ತಾಗದಿದ್ದದ್ದು ಹೇಗೆ? ಫೋನನ್ನು ಬಲಗಿವಿಗೇ ಹಿಡಿಯುವವನು ನಾನು. ಕಾರ್ಖಾನೆಯ ಗದ್ದಲದಲ್ಲಿ ಒಂದೇ ಕಿವಿ ಸಾಕಾಗಿತ್ತು. ಇನ್ನು ಬೈಕಿನ ಹಿಂದೆ ಕೂತು ಹೆಂಡತಿ ಹೇಳಿದ್ದು ಕೇಳಿಸದಿದ್ದರೆ ಅದನ್ನು ರೋಗವೆಂದು ಯಾವ ಗಂಡಸು ತಾನೇ ಭಾವಿಸುತ್ತಾನೆ?

ಮನೆಗೆ ಬಂದವನೇ ಗೋಣಿ, ಟ್ರೇ, ಕಂಬಳಿ ಎಲ್ಲವನ್ನೂ ಕಿತ್ತೆ. ಕಿಟಕಿ ತೆರೆದೆ. ಸೋಫಾ ಒಳಗೆ ಬಂತು. ಹಸುವಿನ ಹಿಂದೆ ಗುಬ್ಬಿ ನೋಡಿಬಂದ ಸ್ಪೀಕರಿನ ಒಂದು ಮೂಲೆ ನಜ್ಜಾಗಿತ್ತು, ಮುಂದಿನ ಜಾಲರಿ ಹೋಗಿತ್ತು, ಆದರೆ ಪ್ರಾಣವಿತ್ತು. ಬ್ಯಾಲೆನ್ಸ್ ಗುಂಡಿಯನ್ನು ನಡುವಿಗೆ ತಂದು ಹಾಡು ಹಾಕಿದೆ.

ಏನು ಹೇಳಲಿ! ಗಾಯಕಿ ಟೀವಿಯ ಮುಂದೆ ನಡುವೆ ಬಂದು ನಿಂತಳು. ಅವಳು ಉಸಿರು ಎಳೆದುಕೊಳ್ಳುವುದೂ ಕೇಳಿಸಿತು. ಬಲಗಡೆ ತಬಲಾ, ಎಡಗಡೆ ದೂರದಲ್ಲೆಲ್ಲೋ ಕೊಳಲು. ಗೋಡೆಯ ಸುಣ್ಣ ಅಲ್ಲಲ್ಲಿ ಕಿತ್ತುಹೋಗಿತ್ತು, ಮೂಲೆಯಲ್ಲಿ ಅಮೃತೂರಿನ ಇರುವೆಗಳು ಇನ್ನೂ ಪ್ರವಾಸದಲ್ಲಿದ್ದವು. ನನಗೆ ಏನೂ ಬೇಕೆನ್ನಿಸಲಿಲ್ಲ. ಗಿರಿಜ ಕಾಫಿ ತಂದು ಪಕ್ಕದಲ್ಲಿ ಕೂತಳು. ಬಹಳ ದಿನಗಳ ಮೇಲೆ ಒಂದು ಹಾಡನ್ನು ಕದಲದೆ ಕೊನೆಯವರೆಗೂ ಕೇಳಿದೆ. ಸಣ್ಣ ಸೆಟ್ಟು. ಆದರೆ ಇದಕ್ಕಿಂತ ಹೆಚ್ಚು ಈ ಜನ್ಮಕ್ಕೆ ಬೇಡ.

ಅಂದಿನಿಂದ ಸಂಜೆಯ ಕಾಫಿ ಮತ್ತೆ ರೂಢಿಗೆ ಬಂದಿದೆ. ರೇಣುಕಪ್ಪ ಆಗಾಗ ಇನ್ನೊಂದು ಹೊಸ ಡಬ್ಬಿಯ ಹೆಸರು ಹೇಳುತ್ತಾನೆ. ಎರಡೂ ಕಿವಿಯಿಂದ ಕೇಳಿ, ಎರಡೂ ಕಿವಿಯಿಂದ ಬಿಟ್ಟುಬಿಡುತ್ತೇನೆ.

ಮೊನ್ನೆ ಸಂಜೆ ಹೀಗೇ ಕಣ್ಮುಚ್ಚಿ ಕೂತಿದ್ದೆ. ಗಾಯಕಿಯ ಹಿಂದೆ, ಎಡಗಡೆಯಿಂದ ತಂಬೂರಿಯ ಝೇಂಕಾರ ಎಷ್ಟು ಗಂಭೀರವಾಗಿ, ಎಷ್ಟು ಅಖಂಡವಾಗಿ ಬರುತ್ತಿತ್ತೆಂದರೆ ನನ್ನ ಕಣ್ಣು ಒದ್ದೆಯಾಯಿತು.

"ಆ ತಂಬೂರಿ ಕೇಳಿಸ್ಕೊಂಡ್ಯಾ ಗಿರಿಜಾ? ಇಷ್ಟು ಚಿಕ್ಕ ಸೆಟ್ಟಲ್ಲಿ ಎಂಥ ನಾದ! ಅದನ್ನ ಗುರುತಿಸಕ್ಕೂ ಒಂದು ಅಭ್ಯಾಸ ಬೇಕು."

ಗಿರಿಜ ಕಿಟಕಿಯ ಕಡೆ ನೋಡಿದಳು. ಕಾಫಿ ಲೋಟ ಕೆಳಗಿಟ್ಟಳು.

"ರೀ, ಅದು ಪಕ್ಕದ್ಮನೆಯವ್ರ ನೀರಿನ ಮೋಟ್ರು."

ಇರಬಹುದು. ಆದರೆ ಶ್ರುತಿ ಸರಿಯಾಗಿತ್ತು!